ಹಲಸಿನ ಬುಡದ ನೆಲಸಂಪಿಗೆ ಯಾಕೆ ಹೂ ಬಿಡುತ್ತಿಲ್ಲ?

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ. ನಾಲ್ಕು ವರ್ಷದ ಹಿಂದೆ ಕುಮಟೆ ಕಡೆಯ ತವರಿನಿಂದ ಆರು ನೆಲಸಂಪಿಗೆ ಗಡ್ಡೆ ತಂದೆ. ಹಿತ್ತಲ ಹಲಸಿನ ಮರದ ಬುಡದಲ್ಲಿ, ಬಚ್ಚಲ ನೀರು ಹೋಗುವ ಕಾಲುವೆ ಪಕ್ಕ ನೆಟ್ಟೆ. ಮೊದಲ ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೂ ಬಂತು. ಮರುವರ್ಷ ನಾಲ್ಕೇ ನಾಲ್ಕು. ಕಳೆದ ವರ್ಷ ಬರೀ ಎಲೆ. ದೀಪಾವಳಿಗೆ ಹಿತ್ತಲು ಚೊಕ್ಕ ಮಾಡಿಸುವಾಗ ಹುಲ್ಲಿನ ಜೊತೆ ಅದರ ಎಲೆಯನ್ನೂ ಸವರಿಸುತ್ತೇವೆ, ಆಮೇಲೆ ನೆಲದ ಮೇಲೆ ಏನೂ ಕಾಣುವುದಿಲ್ಲ. ಈ ಸಲ ಸತ್ತೇ ಹೋಯಿತೇನೋ ಎಂದು ಜನವರಿಯಿಂದ ದಿನಾ ನೀರು ಹಾಕಿದೆ. ಯುಗಾದಿಗೆ ಮುಂಚೆ ತಡೆಯಲಾರದೆ ಅಗೆದು ನೋಡಿದರೆ ಎರಡು ಗಡ್ಡೆ ಕೊಳೆತು ನಾರುತ್ತಿತ್ತು. ಉಳಿದವುಗಳ ಬೇರಿಗೆ ಸಣ್ಣ ಬಟಾಟೆಯಂಥವು ಜೋತುಬಿದ್ದಿವೆ. ಅವನ್ನು ಬಿಡಿಸಿ ಬೇರೆ ಕಡೆ ನೆಡಬಹುದೇ? ನಮ್ಮ ಅತ್ತೆ ಇದು ಸಂಪಿಗೆ ಮರದ ಬುಡದಲ್ಲಿ ಮಾತ್ರ ಏಳುವುದು ಎನ್ನುತ್ತಾರೆ. ಪಕ್ಕದ ಮನೆಯವರು ವಾಸನೆಗೆ ಹಾವು ಬರುತ್ತದೆ, ಹೋದದ್ದೇ ಒಳ್ಳೆಯದಾಯಿತು ಎನ್ನುತ್ತಾರೆ. ಬೆಟ್ಟದಲ್ಲಿ ಇಂಥದೇ ಹೂ ನೋಡಿದ್ದೇನೆ, ಅಲ್ಲಿಂದ ತರಬಹುದೇ? ಕೆನಡಾದಲ್ಲಿರುವ ಮಗ ಅಲ್ಲಿಯ ಕಾಡಿನ ಟ್ರಿಲಿಯಂ ಹೂವಿನ ಫೋಟೋ ಕಳಿಸಿದ್ದಾನೆ. ಅದು ನಮ್ಮ ನೆರಳಿಗೆ ಬರುತ್ತದೆಯೇ? ಕೊನೆಯದಾಗಿ, ನೆಲಸಂಪಿಗೆಯನ್ನು ದೇವರಿಗೆ ಕೊಯ್ದರೆ ಗಿಡ ಸೊರಗುತ್ತದೆಯೇ?

ಉತ್ತರ:

ಅಕ್ಕಾ, ನಿಮ್ಮ ನಾಲ್ಕು ಗಡ್ಡೆ ಬದುಕಿವೆ. ಮೊದಲು ಅಷ್ಟು ಸಮಾಧಾನ ಮಾಡಿಕೊಳ್ಳಿ. ಬಟಾಟೆಯಂಥವನ್ನು ಮಾತ್ರ ಬಿಡಿಸಬೇಡಿ. ಈಗಾಗಲೇ ಬಿಡಿಸಿದ್ದರೆ ಏನಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೊದಲ ವರ್ಷದ ಆ ಇಪ್ಪತ್ತು ಹೂ. ನೀವು ಅದನ್ನು ನಿಮ್ಮ ಹಿತ್ತಲಿನ ಲೆಕ್ಕಕ್ಕೆ ಹಾಕಿದ್ದೀರಿ, ಅಲ್ವಾ? ಜಾಗ ಹಿಡಿಸಿತು, ಆಮೇಲೆ ಏನೋ ಕೆಟ್ಟಿತು ಎಂದು. ಆದರೆ ಆ ಹೂ ತವರಿನ ಬುತ್ತಿ. ನೆಲಸಂಪಿಗೆ ಹೂ ಬಿಡುವಾಗ ಗಿಡಕ್ಕೆ ಒಂದೂ ಎಲೆ ಇರುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಎಲೆ ದುಡಿದು ಕೆಳಗೆ ತುಂಬಿಟ್ಟದ್ದರಲ್ಲೇ ಅದು ಹೂ ಬಿಡಬೇಕು. ನೀವು ಕುಮಟೆಯಿಂದ ತಂದ ಗಡ್ಡೆಯಲ್ಲಿ ಕುಮಟೆಯ ಮಳೆಗಾಲ ಕೂತಿತ್ತು. ಮರುವರ್ಷದ ನಾಲ್ಕು ಹೂ ನಿಮ್ಮ ಹಿತ್ತಲಿನ ನಿಜವಾದ ಗಳಿಕೆ. ಮೂರನೇ ವರ್ಷಕ್ಕೆ ಅದೂ ಖಾಲಿ. ಹಾಗಾಗಿ ಮೂರನೇ ವರ್ಷ ಏನು ತಪ್ಪಿತು ಎಂದು ಹುಡುಕಬೇಡಿ. ತಪ್ಪಿದ್ದು ನೆಟ್ಟ ಮೊದಲ ಮಳೆಗಾಲದಲ್ಲೇ.

ಆ ಬಟಾಟೆಗಳು ಇದೇ ಉಗ್ರಾಣ. ಒಂದು ಗಡ್ಡೆ ಕೈಯಲ್ಲಿ ಹಿಡಿದು ಮಣ್ಣು ತೊಳೆದು ನೋಡಿ. ಮೇಲೆ ಕಂದು ಬಣ್ಣದ, ಹೆಬ್ಬೆರಳ ಗಾತ್ರದ ಗಂಟು ಇರುತ್ತದೆ. ಅದೇ ನಿಜವಾದ ಗಡ್ಡೆ. ಅದರ ತಲೆಯ ಮೇಲೆ ದೀಪದ ಬತ್ತಿಯ ತುದಿಯಂತೆ ಬಿಳಿಯ ಮೊನೆ ಕಾಣಬೇಕು. ಗಂಟಿನಿಂದ ದಾರದಂಥ ಬೇರು ಇಳಿದು, ತುದಿಯಲ್ಲಿ ಗೆಜ್ಜೆಯಂತೆ ಉಬ್ಬಿರುತ್ತದೆ. ಈ ಗೆಜ್ಜೆಗಳಲ್ಲಿ ನೀರು, ಪಿಷ್ಟ ಎಲ್ಲ ಉಂಟು, ಕಣ್ಣು ಮಾತ್ರ ಇಲ್ಲ. ನಿಜವಾದ ಬಟಾಟೆಯನ್ನು ಕಣ್ಣಿರುವ ಹಾಗೆ ಕೊಯ್ದು ನೆಟ್ಟರೆ ಚಿಗುರುತ್ತದೆ. ಇದು ಚಿಗುರುವುದಿಲ್ಲ. ನೆಂಟರಿಗೆ ಕೊಡುವಾಗ ಗೆಜ್ಜೆ ಕಿತ್ತು ಕೊಟ್ಟು, ಅವರು ವರ್ಷವಿಡೀ ಕಾದು, ಕೊನೆಗೆ ಕೊಟ್ಟವರ ಕೈಗುಣ ಸರಿ ಇಲ್ಲ ಎಂದು ಮಾತಾಡಿದ್ದನ್ನು ಕೇಳಿದ್ದೇನೆ. ಗೆಜ್ಜೆ ಕಳಚಿದ ಗಂಟೂ ಸಾಯುವುದಿಲ್ಲ. ಚಿಗುರುತ್ತದೆ, ಆದರೆ ಬುತ್ತಿ ಇಲ್ಲದ ಕಾರಣ ಎಲೆ ಮಾತ್ರ ಬರುತ್ತದೆ. ಹೂವಿಗೆ ಒಂದೆರಡು ವರ್ಷ ಹಿಡಿಯಬಹುದು.

ಹಾಗಾದರೆ ನಿಮ್ಮ ಹಿತ್ತಲಲ್ಲಿ ಉಗ್ರಾಣ ತುಂಬಲಿಲ್ಲ ಯಾಕೆ? ಮೂರು ಕಾರಣ ಕಾಣುತ್ತದೆ. ಮೂರೂ ಒಂದೇ ತೂಕದವಲ್ಲ.

ಎಲ್ಲಕ್ಕಿಂತ ದೊಡ್ಡದು ದೀಪಾವಳಿಯ ಕತ್ತಿ. ನೆಲಸಂಪಿಗೆಯ ಎಲೆ ಮೇ ಕೊನೆಗೆ ಅಥವಾ ಜೂನ್‌ನಲ್ಲಿ ಸುರುಳಿ ಬಿಚ್ಚಿ ಏಳುತ್ತದೆ. ಮಳೆ ಕಳೆದ ಮೇಲೆ ತಾನಾಗಿ ಹಳದಿಯಾಗಿ, ಮಗುಚಿ, ಒಣಗಿ ಹೋಗುತ್ತದೆ. ನಮ್ಮ ಕಡೆ ಅದು ಸಾಮಾನ್ಯವಾಗಿ ನವೆಂಬರ್-ಡಿಸೆಂಬರ್‌ನ ಮಾತು. ಈಗ ಲೆಕ್ಕ ಹಾಕಿ. ಜೂನ್, ಜುಲೈ, ಆಗಸ್ಟ್ ಪೂರಾ ಮೋಡ. ಬಿಸಿಲು ಕಾಣುವುದೇ ಅಪರೂಪ. ಎಲೆಗೆ ನೀರೂ ಬೆಳಕೂ ಒಟ್ಟಿಗೆ ಸಿಗುವುದು ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ. ಉಗ್ರಾಣ ಭರ್ತಿ ಆಗುವುದೇ ಆಗ. ಸರಿಯಾಗಿ ಆ ಹೊತ್ತಿಗೆ ನೀವು ಎಲೆ ಸವರಿಸುತ್ತೀರಿ. ಗದ್ದೆಯಲ್ಲಿ ಭತ್ತ ಹಾಲು ತುಂಬುವಾಗ ಪೈರು ಕೊಯ್ದ ಹಾಗೆ. ಒಂದು ವರ್ಷ ಹೀಗಾದರೆ ಗಿಡ ತಡೆದುಕೊಳ್ಳುತ್ತದೆ. ಮೂರು ವರ್ಷ ಆದರೆ ಬರೀ ಎಲೆಯೇ ಗತಿ.

ಎರಡನೆಯದು ಬಚ್ಚಲ ನೀರು. ಗಡ್ಡೆ ಕೊಳೆತದ್ದು ಇದರಿಂದ, ಮತ್ತು ನೀವು ಪ್ರೀತಿಯಿಂದ ಹಾಕಿದ ಜನವರಿಯ ನೀರಿನಿಂದ. ಎಲೆ ಇಲ್ಲದ ಗಡ್ಡೆ ನೀರನ್ನು ಏನು ಮಾಡಬೇಕು ಹೇಳಿ? ಕುಡಿಯುವ ಬಾಯಿಯೇ ಇಲ್ಲ. ಒದ್ದೆ ಮಣ್ಣಲ್ಲಿ ಸುಮ್ನೆ ಕೂತಿರುತ್ತದೆ, ಶುಂಠಿಗೆ ಬರುವ ಕೊಳೆಯಂಥದೇ ಇದಕ್ಕೂ ಹಿಡಿಯುತ್ತದೆ. ಶುಂಠಿ, ಅರಿಶಿನ, ಏಲಕ್ಕಿ, ನೆಲಸಂಪಿಗೆ ಎಲ್ಲ ಒಂದೇ ಮನೆತನ, ರೋಗವೂ ಹಂಚಿಕೆ. ಸಾಬೂನು ನೀರು ಬೇರೆ. ಇದಕ್ಕೆ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಒಣಗಿದ ಮಣ್ಣು ಬೇಕೇ ಬೇಕು. ಆ ಕಾಲುವೆ ಪಕ್ಕಕ್ಕೆ ಸುರುಳಿ ಸುಗಂಧಿಯನ್ನೋ ಕಾಬಾಳೆಯನ್ನೋ ಹಾಕಿ, ಅವಕ್ಕೆ ಕಾಲು ಒದ್ದೆಯಾದಷ್ಟೂ ಖುಷಿ. ಸುಗಂಧಿಯೂ ಇದರ ದಾಯಾದಿಯೇ, ಸ್ವಭಾವ ಮಾತ್ರ ಪೂರ್ತಿ ಉಲ್ಟಾ.

ಹಲಸಿನ ಮರದ್ದು ಮೂರನೇ ಸ್ಥಾನ. ನೆಲಸಂಪಿಗೆ ನೆರಳಿನ ಗಿಡ ಎನ್ನುವುದು ನಿಜ, ಕತ್ತಲೆಯ ಗಿಡ ಅಲ್ಲ. ಹಲಸು ವರ್ಷವಿಡೀ ಎಲೆ ಹೊದ್ದಿರುವ ಮರ. ದಟ್ಟ ಕೊಂಬೆಯ ಕೆಳಗೆ ಮೋಡದ ದಿನ ಸಂಜೆಯಂತೆ ಇರುತ್ತದೆ. ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗಿಡದ ಜಾಗದಲ್ಲಿ ಬಿಳಿ ಕಾಗದ ಇಟ್ಟು, ಅದರ ಮೇಲೆ ಒಂದು ಮೊಳ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಮಬ್ಬಾಗಿ, ಅಂಚು ಕರಗಿದ ಹಾಗೆ ಕಂಡರೆ ಜಾಗ ಸರಿ. ನೆರಳೇ ಬೀಳದಿದ್ದರೆ ಕತ್ತಲೆ ಜಾಸ್ತಿ. ಉಗುರಿನ ತುದಿಯೂ ಚೂಪಾಗಿ ಮೂಡಿದರೆ ಬಿಸಿಲು ಜಾಸ್ತಿ, ಎಲೆಯಂಚು ಸುಡುತ್ತದೆ. ನಾನು ಬೆಳಕು ಅಳೆಯುವ ಯಂತ್ರ ಇಟ್ಟುಕೊಂಡಿದ್ದೆ, ಬ್ಯಾಟರಿ ಮುಗಿದ ಮೇಲೆ ಹತ್ತು ವರ್ಷದಿಂದ ಅಂಗೈಯಲ್ಲೇ ನಡೆಸಿದ್ದೇನೆ.

ಇಲ್ಲಿ ನನ್ನದೂ ಒಂದು ಕತೆ ಇದೆ. ಕೆಲಸಕ್ಕೆ ಸೇರಿದ ಹೊಸದು. ನಾನಿದ್ದ ಒಂದು ನರ್ಸರಿಯಲ್ಲಿ ನಲವತ್ತು ಕುಂಡ ನೆಲಸಂಪಿಗೆ ಇತ್ತು. ಡಿಸೆಂಬರ್‌ನಲ್ಲಿ ರಜೆ ಮುಗಿಸಿ ಬಂದು ನೋಡಿದರೆ ಎಲ್ಲ ಖಾಲಿ. ನೀರು ಹಾಕುವ ಹುಡುಗನಿಗೆ ಬೈದೆ. ಅವನು ಪಾಪ, ದಿನಾ ಹಾಕಿದೆ ಸರ್ ಎಂದ. ನಾನೇ ನಿಂತು ಕುಂಡದ ಮಣ್ಣನ್ನೆಲ್ಲ ಬೇಲಿಯಾಚೆ ಗುಡ್ಡೆ ಹಾಕಿಸಿದೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅದೇ ಹುಡುಗ ಕರೆದು ತೋರಿಸಿದ. ಆ ಮಣ್ಣಗುಡ್ಡೆಯ ತುಂಬ ಹೂ. ಬಿಳಿ ಎಸಳು, ಮಧ್ಯದಲ್ಲಿ ನೇರಳೆ ನಾಲಗೆ, ಒಂದೂ ಎಲೆ ಇಲ್ಲ, ನೆಲದಿಂದ ನೇರವಾಗಿ ಎದ್ದು ನಿಂತಿವೆ. ನೀರು ಕಾಣದೆ ನಾಲ್ಕು ತಿಂಗಳು ಬಿದ್ದದ್ದೇ ಅದಕ್ಕೆ ಒಳ್ಳೆಯದಾಗಿತ್ತು. ಹುಡುಗ ಏನೂ ಹೇಳಲಿಲ್ಲ, ನಕ್ಕನಷ್ಟೇ. ಅವತ್ತಿನಿಂದ ಖಾಲಿ ಕುಂಡ ಕಂಡರೆ ಮೊದಲು ಬೆರಳು ಹಾಕಿ ನೋಡುತ್ತೇನೆ.

ಇನ್ನು ಸುತ್ತಲಿನವರ ಮಾತು. ಅತ್ತೆಯವರು ಹೇಳಿದ ಸಂಪಿಗೆ ಮರದ ನಂಟು ಹೆಸರಿನಿಂದ ಹುಟ್ಟಿದ್ದು. ಪರಿಮಳ ಸಂಪಿಗೆಯನ್ನು ನೆನಪಿಸುತ್ತದೆ, ಹೂ ನೆಲದಲ್ಲಿದೆ, ಹಾಗಾಗಿ ನೆಲಸಂಪಿಗೆ. ಹಿಂದಿಯಲ್ಲೂ ಭೂಮಿ ಚಂಪಾ ಎಂದೇ ಕರೆಯುತ್ತಾರೆ. ಸಂಪಿಗೆ ಮರಕ್ಕೂ ಇದಕ್ಕೂ ಕುಲದ ಸಂಬಂಧ ಇಲ್ಲ. ಸಸ್ಯಶಾಸ್ತ್ರದಲ್ಲಿ ಇದು ಕೆಂಫೇರಿಯಾ ರೊಟುಂಡಾ. ಜಪಾನಿನವರೆಗೆ ಹೋಗಿ ಅಲ್ಲಿಯ ಗಿಡಗಳ ಬಗ್ಗೆ ಬರೆದ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಫರ್ ಹೆಸರನ್ನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಕುಲಕ್ಕೆ ಇಟ್ಟ. ಆದರೂ ಅತ್ತೆಯವರ ಮಾತನ್ನು ಪೂರ್ತಿ ತಳ್ಳಬೇಡಿ. ಅವರು ಎಲ್ಲೋ ಹಳೆ ಮನೆಯ ಸಂಪಿಗೆ ಮರದ ಕೆಳಗೆ ಚೆನ್ನಾಗಿ ಹೂಬಿಟ್ಟದ್ದನ್ನು ನೋಡಿರಬೇಕು. ಎತ್ತರದ ಮರ, ಬುಡದಲ್ಲಿ ಕೊಂಬೆ ಇಲ್ಲ, ಓರೆಯಾಗಿ ಬೆಳಕು ಒಳಗೆ ಬರುತ್ತದೆ. ಗಿಡಕ್ಕೆ ಹಿಡಿಸಿದ್ದು ಆ ಬೆಳಕು.

ಹಾವಿನ ವಿಷಯ. ಹಾವಿಗೆ ಹೂವಿನ ವಾಸನೆ ಬೇಕಿಲ್ಲ. ಇಲಿ ಬೇಕು, ಕಪ್ಪೆ ಬೇಕು, ತಂಪಾದ ದರಕಿನ, ಅಂದರೆ ಒಣ ತರಗೆಲೆಯ, ರಾಶಿ ಬೇಕು. ಕೇದಗೆ, ಸಂಪಿಗೆ, ರಾತ್ರಿರಾಣಿ ಎಲ್ಲದರ ಮೇಲೂ ಈ ಆರೋಪ ಇದೆ. ನೆಲಸಂಪಿಗೆ ಮಡಿಗೆ ನಾವು ದರಕು ಹೊದೆಸುತ್ತೇವಲ್ಲ, ಅದರಲ್ಲಿ ಹಾವು ಮಲಗುವುದು ಸಾಧ್ಯ. ಆದ್ದರಿಂದ ಮಡಿಯನ್ನು ನಡೆದಾಡುವ ದಾರಿಗೆ, ಬಾಗಿಲಿಗೆ ತಾಗಿಸಬೇಡಿ. ದರಕಿಗೆ ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ. ಅಷ್ಟು ಸಾಕು.

ಬೆಟ್ಟದಲ್ಲಿ ನೀವು ಕಂಡದ್ದು ಬಹುಶಃ ಕಾಡು ಅರಿಶಿನ. ಅದೂ ಬೇಸಿಗೆ ಕೊನೆಯಲ್ಲಿ ನೆಲದಿಂದಲೇ ಹೂ ಎತ್ತುತ್ತದೆ, ಹಾಗಾಗಿ ತಪ್ಪು ತಿಳಿಯುವುದು ಸಹಜ. ಅರಿಶಿನದ್ದು ಪದರ ಪದರದ ತೆನೆ, ತುದಿಯ ಪದರಗಳಿಗೆ ಗುಲಾಬಿ ಬಣ್ಣ, ನಿಜವಾದ ಹೂ ಆ ಪದರಗಳ ಒಳಗೆ ಅಡಗಿರುತ್ತದೆ. ನೆಲಸಂಪಿಗೆಗೆ ತೆನೆ ಇಲ್ಲ, ಒಂದೊಂದೇ ಹೂ ಬಿಡಿಬಿಡಿಯಾಗಿ ಏಳುತ್ತದೆ. ಎಲೆ ಬಂದ ಮೇಲೆ ಅನುಮಾನವೇ ಬೇಡ. ನೆಲಸಂಪಿಗೆ ಎಲೆಯ ಮೇಲ್ಭಾಗದಲ್ಲಿ ಕಡು ಹಸಿರು, ತಿಳಿ ಹಸಿರು ಸೇರಿ ನವಿಲುಗರಿಯಂಥ ಚಿತ್ತಾರ, ಮಗುಚಿದರೆ ನೇರಳೆ. ಏನೇ ಇದ್ದರೂ ಬೆಟ್ಟದಿಂದ ಅಗೆದು ತರಬೇಡಿ. ಮೀಸಲು ಅರಣ್ಯದಲ್ಲಿ ಗಡ್ಡೆ ಅಗೆಯುವುದು ಕಾನೂನಿಗೆ ವಿರುದ್ಧ ಎನ್ನುವುದು ಒಂದು. ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟದಲ್ಲೂ ಒಬ್ಬೊಬ್ಬರು ನಾಲ್ಕು ನಾಲ್ಕು ಕಿತ್ತರೆ ಹತ್ತು ವರ್ಷದಲ್ಲಿ ಏನೂ ಉಳಿಯುವುದಿಲ್ಲ ಎನ್ನುವುದು ಇನ್ನೊಂದು. ನೆಲಸಂಪಿಗೆ ನಮ್ಮಲ್ಲಿ ತಲೆಮಾರುಗಳಿಂದ ಹಿತ್ತಲಿಂದ ಹಿತ್ತಲಿಗೆ ದಾಟಿ ಬಂದದ್ದು. ತವರಿಂದ, ನೆಂಟರಿಂದ ಕೇಳಿ. ವನಸ್ತ್ರೀ ಬಳಗ ಶಿರಸಿಯಲ್ಲಿ ನಡೆಸುವ ಮಲೆನಾಡ ಮೇಳದಂಥ ಕಡೆ ಹೆಂಗಸರು ಗಡ್ಡೆ-ಬೀಜ ಬದಲಾಯಿಸಿಕೊಳ್ಳುತ್ತಾರೆ, ಅಲ್ಲಿ ವಿಚಾರಿಸಿ.

ಟ್ರಿಲಿಯಂ ಬಗ್ಗೆ ಆಸೆ ಬಿಡಿ. ಚೆಂದದ ಹೂ, ಒಂಟಾರಿಯೋ ಪ್ರಾಂತ್ಯ 1937ರಲ್ಲಿ ಬಿಳಿ ಟ್ರಿಲಿಯಂ ಅನ್ನು ತನ್ನ ಲಾಂಛನ ಮಾಡಿಕೊಂಡಿದೆ. ಆದರೆ ಅದಕ್ಕೆ ತಿಂಗಳುಗಟ್ಟಲೆ ಹಿಮದ ಚಳಿ ಬೇಕು. ಶಿರಸಿಯ ಡಿಸೆಂಬರ್ ಬೆಳಗಿನ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬೀಜದಿಂದ ಹೂವಿಗೆ ಅದರ ಊರಲ್ಲೇ ಏಳು ವರ್ಷಕ್ಕೂ ಜಾಸ್ತಿ ಬೇಕಾಗುತ್ತದೆ. ಮಗ ಚೀಲದಲ್ಲಿ ಗಡ್ಡೆ ಹಾಕಿಕೊಂಡು ಬರುತ್ತೇನೆ ಎಂದರೆ ಬೇಡ ಎನ್ನಿ. 2003ರ ಸಸ್ಯ ಸಂಸರ್ಗ ನಿಷೇಧ ಆದೇಶದ ಪ್ರಕಾರ ಪರವಾನಗಿ, ಆರೋಗ್ಯ ಪತ್ರ ಇಲ್ಲದೆ ಹೊರದೇಶದ ಗಡ್ಡೆ ತರುವಂತಿಲ್ಲ. ನೀವೇ ನಿಮ್ಮ ನೆಲಸಂಪಿಗೆಯ ಫೋಟೋ ಅವನಿಗೆ ಕಳಿಸಿ. ಎರಡರ ಉಪಾಯವೂ ಹತ್ತಿರ ಹತ್ತಿರ. ಅಲ್ಲಿ ಮರಗಳು ಚಿಗುರಿ ನೆರಳು ಕವಿಯುವ ಮೊದಲು ಟ್ರಿಲಿಯಂ ಅರಳುತ್ತದೆ. ಇಲ್ಲಿ ಎಲೆ ಉದುರಿಸುವ ಮರಗಳ ಕೆಳಗೆ, ಮಳೆಗಾಲದ ಹಸಿರು ಮುಚ್ಚುವ ಮೊದಲು, ನೆಲಸಂಪಿಗೆ ಅರಳಿ ಮುಗಿಸುತ್ತದೆ.

ಈಗ ನಿಮ್ಮ ಕೈಯಲ್ಲಿರುವ ನಾಲ್ಕು ಗಡ್ಡೆಗೆ ಏನು ಮಾಡಬೇಕು? ಕೊಳೆತ ಎರಡನ್ನು ಮನೆಯಿಂದ ದೂರ ಸುಟ್ಟುಬಿಡಿ. ಗೊಬ್ಬರಗುಂಡಿಗೆ ಎಸೆಯಬೇಡಿ, ಮುಂದಿನ ವರ್ಷ ಅದೇ ಗೊಬ್ಬರ ಶುಂಠಿಗೋ ಅರಿಶಿನಕ್ಕೋ ಹೋದರೆ ಅಲ್ಲೂ ಕೊಳೆ. ಉಳಿದವನ್ನು ಒತ್ತಿ ನೋಡಿ. ಮೆತ್ತಗಿರುವ ಗೆಜ್ಜೆ ಇದ್ದರೆ ಗಟ್ಟಿ ಭಾಗದವರೆಗೆ ಚಾಕುವಿನಿಂದ ಕತ್ತರಿಸಿ. ಪ್ರತಿ ಸಲ ಚಾಕು ಬಿಸಿನೀರಲ್ಲಿ ಅದ್ದಿ. ಕೊಯ್ದ ಬಾಯಿಗೆ ಒಲೆಯ ತಣ್ಣನೆ ಬೂದಿ ಹಚ್ಚಿ, ನೆರಳಲ್ಲಿ ಗೋಣಿ ಮೇಲೆ ಮೂರ್ನಾಲ್ಕು ದಿನ ಹರವಿಡಿ. ಬಿಸಿಲಿಗೆ ಇಡಬೇಡಿ. ಆಮೇಲೆ ಒಣ ಮಣ್ಣಲ್ಲಿ ನೆಟ್ಟು, ಮೊಳಕೆ ಕಾಣುವವರೆಗೆ ನೀರು ಹಾಕದೆ ಬಿಡಿ. ಇದೇ ಕಷ್ಟದ ಭಾಗ, ಗೊತ್ತು. ಕೈ ತಡೆಯುವುದಿಲ್ಲ. ಈ ಬೇಸಿಗೆ ಹೂ ನಿರೀಕ್ಷಿಸಬೇಡಿ, ಎಲೆ ಬಂದರೆ ಗೆದ್ದಿರಿ.

ಎಲ್ಲಿ ನೆಡುವುದು ಎನ್ನುವುದಕ್ಕೆ ನಿಮ್ಮಂಥ ಹಿತ್ತಲಲ್ಲಿ ಕೆಲವು ದಾರಿ ಇವೆ, ಯಾವುದೂ ಪೂರ್ತಿ ನಿಶ್ಚಿಂತೆಯದಲ್ಲ.

ನನ್ನ ಮೊದಲ ಆಯ್ಕೆ ಎಲೆ ಉದುರಿಸುವ ಮರದ ಕೆಳಗೆ ಏರುಮಡಿ. ಮತ್ತಿ, ನಂದಿ, ಸಾಗವಾನಿ ಏನಿದ್ದರೂ ಆದೀತು. ಬೇಸಿಗೆಯಲ್ಲಿ ಮರ ಬೋಳು, ಗಡ್ಡೆಗೆ ಬಿಸಿ ತಾಗಿ ಎಚ್ಚರ ಆಗುತ್ತದೆ. ಮಳೆಗಾಲದಲ್ಲಿ ಮರದ ಸೊಪ್ಪು ಚಪ್ಪರ ಹಾಕುತ್ತದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆದ್ದರಿಂದ ಮಡಿ ಒಂದು ಗೇಣಾದರೂ ಎತ್ತರ ಇರಲಿ, ಸುತ್ತ ಬಸಿಗಾಲುವೆ ಇರಲಿ. ಸಾಗವಾನಿ ಎಲೆಯಿಂದ ಬೀಳುವ ದಪ್ಪ ಹನಿ ನೆಲ ಅಗೆದು ಮಣ್ಣು ಚಿಮ್ಮಿಸುತ್ತದೆ, ಅಲ್ಲಿ ದರಕಿನ ಹೊದಿಕೆ ತಪ್ಪಿಸಬೇಡಿ. ಇಲ್ಲಿಯ ಅಪಾಯ ಪ್ರಾಣಿಗಳದ್ದು. ಬೆಟ್ಟದ ಅಂಚಿನ ಮನೆಯಾದರೆ ಕಾಡುಹಂದಿ, ಮುಳ್ಳುಹಂದಿ ಒಂದೇ ರಾತ್ರಿಯಲ್ಲಿ ಮಡಿ ಉತ್ತು ಹೋಗುತ್ತವೆ. ಹಳೆ ಕೋಳಿಬಲೆಯ ತಂತಿಯನ್ನು ಮಣ್ಣಿನಿಂದ ಎರಡು ಬೆರಳು ಕೆಳಗೆ ಹಾಸಿ ಮುಚ್ಚಿದರೆ ತಡೆಯಬಹುದು. ಅದರ ಕಣ್ಣಿನಿಂದ ಮೊಳಕೆ ಸುಲಭವಾಗಿ ಮೇಲೆ ಬರುತ್ತದೆ.

ಹಲಸಿನ ಮರವನ್ನೇ ನೆಚ್ಚಿದ್ದರೆ ಬುಡ ಬಿಟ್ಟು ನೆರಳಿನ ಪೂರ್ವದ ಅಂಚಿಗೆ ಬನ್ನಿ. ಬೆಳಗಿನ ಎರಡು-ಮೂರು ಗಂಟೆ ಬಿಸಿಲು ಸಿಗುತ್ತದೆ. ಕೆಳಗಿನ ಕೊಂಬೆ ಕಡಿದು ಬೆಳಕು ಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬಿಡಬಹುದು, ಆದರೆ ಹಲಸು ಕಾಯಿ ಬಿಡುವುದು ಕಾಂಡ ಮತ್ತು ದಪ್ಪ ಕೊಂಬೆಗಳಲ್ಲೇ. ಹತ್ತು ಹೂವಿಗಾಗಿ ನೂರು ಕಾಯಿ ಕಳೆದುಕೊಂಡರೆ ಮನೆಯಲ್ಲಿ ಹಪ್ಪಳದ ಲೆಕ್ಕ ಯಾರು ಕೊಡುತ್ತಾರೆ?

ಅಡಿಕೆ ತೋಟದ ನೆರಳು ಅಂಗೈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ. ಅದಕ್ಕೇ ಬಹಳ ಜನ ತೋಟಕ್ಕೆ ಹಾಕಿ ಕೈ ಸುಟ್ಟುಕೊಳ್ಳುತ್ತಾರೆ. ತೋಟದ ಮಣ್ಣಿಗೆ ಬೇಸಿಗೆಯಲ್ಲೂ ನೀರು ಹೋಗುತ್ತದೆ, ಗಡ್ಡೆಗೆ ನಿದ್ದೆ ಸಿಗುವುದಿಲ್ಲ. ತೋಟದ ಮೇಲಂಚಿನಲ್ಲಿ, ನೀರು ತಲುಪದ ಧರೆಯ (ಎತ್ತರದ ಮಣ್ಣಿನ ದಿಬ್ಬದ) ಮೇಲೆ ಜಾಗ ಇದ್ದರೆ ಮಾತ್ರ ಯೋಚಿಸಿ.

ಕುಂಡ ಸುಲಭ. ಹತ್ತು-ಹನ್ನೆರಡು ಇಂಚು ಅಗಲದ, ತಳದಲ್ಲಿ ದೊಡ್ಡ ತೂತಿರುವ ಕುಂಡಕ್ಕೆ ಎರಡು ಗಂಟು. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಕೊಳೆತ ದರಕು, ಒಂದು ಪಾಲು ಹೊಳೆಮರಳು. ಎಲೆ ಒಣಗಿದ ಮೇಲೆ ಕುಂಡವನ್ನು ಕೊಟ್ಟಿಗೆ ಮಾಡಿನಡಿ ಅಡ್ಡ ಮಲಗಿಸಿಬಿಟ್ಟರೆ ಯಾರೂ ತಪ್ಪಿಯೂ ನೀರು ಹಾಕಲಾರರು. ಮೇಲೆ ಸುಣ್ಣದಲ್ಲಿ ಹೆಸರು ಬರೆದಿಡಿ, ಇಲ್ಲವಾದರೆ ನನ್ನಂಥವರು ಯಾರೋ ಸುರಿದು ಹಾಕುತ್ತಾರೆ. ಸೂರಿನ ನೀರು ಸುರಿಯುವ ಕೆಳಗೆ ಮಾತ್ರ ಕುಂಡ ಇಡಬೇಡಿ. ಒಂದು ಆರ್ದ್ರಾ ಮಳೆ ಸಾಕು ಮಣ್ಣೆಲ್ಲ ತೊಳೆದು ಹೋಗಲು.

ಕರಾವಳಿಯವರಿಗೂ ಒಂದು ಮಾತು, ಕಾರವಾರ, ಅಂಕೋಲೆ ಕಡೆಯಿಂದಲೂ ಇಂಥದೇ ಪ್ರಶ್ನೆ ಬರುತ್ತದೆ. ಅಲ್ಲಿ ಮಳೆ ಇನ್ನೂ ಜಾಸ್ತಿ, ಕಾರವಾರದಲ್ಲಿ ಸುಮಾರು 3000 ಮಿಲಿಮೀಟರ್. ಆದರೆ ಉಸುಕು ಮಣ್ಣಿನ ತೆಂಗಿನ ಹಿತ್ತಲಲ್ಲಿ ನೀರು ನಿಲ್ಲುವುದಿಲ್ಲ, ಕೊಳೆ ಕಡಿಮೆ. ಸಾರ ಮಾತ್ರ ಇಲ್ಲ, ದರಕಿನ ಗೊಬ್ಬರ ಚೆನ್ನಾಗಿ ಸೇರಿಸಬೇಕು. ಚಿರೇಕಲ್ಲಿನ ಗುಡ್ಡದ ಮನೆಯವರು ಕಲ್ಲು ಕೊರೆದು ಗುಂಡಿ ಮಾಡಿ ನೆಡುತ್ತಾರೆ. ಮಳೆಗಾಲದಲ್ಲಿ ಅದು ಬಾನಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಅಲ್ಲಿ ಗುಂಡಿ ಬೇಡ, ಕಲ್ಲಿನ ಮೇಲೆ ಮಣ್ಣು ಏರಿಸಿ.

ನೆಡುವ ಆಳ ಮೂರು ಬೆರಳು, ಗಿಡದಿಂದ ಗಿಡಕ್ಕೆ ಒಂದು ಗೇಣು. ಮೊನೆ ಮೇಲೆ, ಗೆಜ್ಜೆ ಕೆಳಗೆ. ಭರಣಿ ಮಳೆಯೋ ಕೃತ್ತಿಕಾ ಮಳೆಯೋ ಬಿದ್ದು ನೆಲ ತೋಯ್ದ ಮೇಲೆ ಎಲೆ ಏಳುತ್ತದೆ. ಆಗ ಒಂದು ಹಿಡಿ ಹಳೆ ಗೊಬ್ಬರ, ಆಗಸ್ಟ್‌ನಲ್ಲಿ ಇನ್ನೊಂದು ಹಿಡಿ, ಜೊತೆಗೆ ಚಿಟಿಕೆ ಬೂದಿ. ಹಸಿ ಸಗಣಿ ಬೇಡ, ಯೂರಿಯಾ ಬೇಡವೇ ಬೇಡ. ಎಲೆ ಸೊಕ್ಕಿ ನಿಲ್ಲುತ್ತದೆ, ಗಡ್ಡೆ ಸಪ್ಪೆಯಾಗುತ್ತದೆ. ಸಪ್ಟೆಂಬರ್ ನಂತರ ಮಳೆ ಬೇಗ ನಿಂತರೆ, ಎಲೆ ಹಸಿರಾಗಿರುವಷ್ಟು ದಿನ ವಾರಕ್ಕೊಮ್ಮೆ ನೀರು ಕೊಡಿ. ಮೊದಲ ಎಲೆ ಹಳದಿಯಾದ ದಿನ ನಿಲ್ಲಿಸಿ. ದೀಪಾವಳಿಗೆ ಹಿತ್ತಲು ಚೊಕ್ಕ ಮಾಡುವವರಿಗೆ ತಿಳಿಯಲೆಂದು ಮಡಿಯ ನಾಲ್ಕು ಮೂಲೆಗೆ ಗೂಟ ಹೊಡೆದಿಡಿ.

ಮಳೆಗಾಲದಲ್ಲಿ ಎಲೆ ಕೊಳವೆಯಂತೆ ಮಡಚಿಕೊಂಡು ಅಂಚು ಅಂಟಿದ್ದು ಕಂಡರೆ ರೋಗ ಎಂದು ಹೆದರಬೇಡಿ. ಬಿಡಿಸಿ ನೋಡಿದರೆ ಒಳಗೆ ತಿಳಿ ಹಸಿರು ಹುಳ ಮಲಗಿರುತ್ತದೆ. ಅರಿಶಿನ ಎಲೆಗೂ ಬರುವ ಚಿಟ್ಟೆಯ ಮರಿ ಅದು. ಕೈಯಲ್ಲಿ ತೆಗೆದು ಕಾಡು ಅರಿಶಿನದ ಎಲೆ ಮೇಲೆ ಬಿಟ್ಟುಬಿಡಿ. ಔಷಧ ಹೊಡೆಯುವಷ್ಟು ದೊಡ್ಡ ವಿಷಯ ಅಲ್ಲ. ಎಲೆ ಹಳದಿಯಾಗಿ, ಎಳೆದರೆ ಬುಡದಿಂದ ಕಿತ್ತು ಬಂದು, ಕೆಟ್ಟ ವಾಸನೆ ಬಂದರೆ ಅದು ಕೊಳೆ. ಆಗ ಆ ಬುಡವನ್ನು ಮಣ್ಣು ಸಮೇತ ತೆಗೆದು, ಬಸಿಗಾಲುವೆ ಸರಿ ಮಾಡಿ. ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ಹಾಕುವುದು ಮುಂಚಿತವಾಗಿ ಒಳ್ಳೆಯದು. ಕೊಳೆತ ಮೇಲೆ ಹಾಕಿದರೆ ದುಡ್ಡು ದಂಡ.

ಹಿಂಡು ದಟ್ಟವಾದ ಮೇಲೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬಿಡಿಸಿ ನೆಡಬೇಕು. ಅದಕ್ಕೆ ಕಾಲ ಜನವರಿ, ಫೆಬ್ರವರಿ. ಯುಗಾದಿ ಹತ್ತಿರ ಬಂದ ಮೇಲೆ ಗುದ್ದಲಿ ಮುಟ್ಟಬೇಡಿ, ಒಳಗೆ ಮೊಗ್ಗು ಎದ್ದಿರುತ್ತದೆ. ಈ ಸಲ ನೀವು ಅಗೆದದ್ದು ಸರಿಯಾಗಿ ಆ ಹೊತ್ತಿಗೆ. ಆದರೆ ಕೊಳೆ ಸಿಕ್ಕಿದ್ದರಿಂದ ಅಗೆದದ್ದೇ ಒಳ್ಳೆಯದಾಯಿತು.

ದೇವರಿಗೆ ಧಾರಾಳವಾಗಿ ಕೊಯ್ಯಿರಿ. ಹೂ ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ, ಬೀಜ ಕಟ್ಟುವುದು ಅಪರೂಪ, ಬಿಟ್ಟರೂ ಗಿಡಕ್ಕೆ ಲಾಭ ಇಲ್ಲ. ಎಸಳು ಹಿಡಿದು ಎಳೆದರೆ ಹರಿದು ಕೈಗೆ ಬರುತ್ತದೆ. ಕೆಳಗೆ ಉದ್ದನೆಯ ಬಿಳಿ ಕೊಳವೆ ಇರುತ್ತದೆ, ಮಣ್ಣಿನ ಮಟ್ಟದಲ್ಲಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೇರವಾಗಿ ಮೇಲೆತ್ತಿ. ಪಕ್ಕಕ್ಕೆ ಅಲುಗಾಡಿಸಬೇಡಿ, ಅಲ್ಲೇ ತಾಗಿಕೊಂಡು ನಾಳೆಯ ಮೊಗ್ಗು ಇರುತ್ತದೆ.